ಕಾಲುವೆ ನೀರು ಕಂದಾದಾಗ

ರಾಮನಗರದ ಕಾಲುವೆಗಳ ನೀರನ್ನು ಶೀಶೆಗೆ ತುಂಬಿ ಪರೀಕ್ಷಿಸುವುದು ನನ್ನ ಕೆಲಸ. ನನ್ನ ಮೂಗು ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಎರಡೂ ಇಲ್ಲದೆ ಈ ಕೆಲಸ ನಡೆಯುವುದಿಲ್ಲ.

ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಂದು ಬೀದಿಯ ಹಿಂದೆಯೇ ಕಾಲುವೆ ಹರಿಯುತ್ತದೆ. ಅಲ್ಲೊಬ್ಬ ಅಕ್ಕ ತಾವೇ ನೂಲಿನ ಘಟಕ ನಡೆಸುತ್ತಿದ್ದರು. ಗೂಡು ಬೇಯಿಸಿದ ನೀರು, ಸತ್ತ ಹುಳ ಎಲ್ಲವೂ ಕಾಲುವೆ ಸೇರಿ ನೀರು ಕೆಟ್ಟು, ಘಟಕಕ್ಕೆ ಬೀಗ ಹಾಕುವುದಾಗಿ ನೋಟಿಸು ಬಂದಿತ್ತು. ಬೀದಿಯ ಉಳಿದವರಂತೆ ಅಕ್ಕನೂ ತೊಟ್ಟಿ ಕಟ್ಟಿಸಿ, ನೀರು ತಿಳಿಯಾದ ಮೇಲೆಯೇ ಹೊರಗೆ ಬಿಡತೊಡಗಿದರು. ಬೇರೆ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಕಾಲುವೆ ನೀರಿನಲ್ಲಿ ಪ್ರಾಣವಾಯು ಇದೆಯೇ ಎನ್ನುವುದೊಂದು ಬಾಕಿ. ಅಲ್ಲಿಯವರೆಗೆ ಮಾರುಕಟ್ಟೆಯಿಂದ ಗೂಡು ತರಲು ಅಕ್ಕನಿಗೆ ಧೈರ್ಯವಿರಲಿಲ್ಲ. ತಂದಿಟ್ಟ ಮೇಲೆ ಬೀಗ ಬಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ಹಾಳು.

ಹೇಳಿದ ದಿನ ಹೋದೆ. ಕಾಲುವೆಯ ದಂಡೆ ಗುಡಿಸಿ ರಂಗೋಲಿ ಹಾಕಿದ್ದರು. ಮೂಗಿಗೆ ಘಾಟು ಹೊಡೆಯಿತು. ನೆಂಟರು ಬರುವ ಮೊದಲು ಬಚ್ಚಲು ತೊಳೆಯುವ ಹಾಗೆ, ನಾನು ಬರುತ್ತೇನೆಂದು ಅಕ್ಕ ಕಾಲುವೆಗೇ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಅದು ಬೆರೆತ ನೀರಿನಲ್ಲಿ ಪರೀಕ್ಷೆ ತಪ್ಪುತ್ತದೆ. ಚೆನ್ನಾಗಿ ಬೈದೆ. ಬೈಯುತ್ತಲೇ ನಗು ಬಂತು, ಅವರೂ ಸೆರಗು ಬಾಯಿಗಿಟ್ಟು ನಕ್ಕರು. ಕೊಟ್ಟ ಕಾಫಿ ಕುಡಿದು ಖಾಲಿ ಶೀಶೆಯೊಂದಿಗೆ ವಾಪಸಾದೆ.

ಮುಂದಿನ ವಾರ ಹೇಳದೆ ಕೇಳದೆ ಹೋದೆ. ಶೀಶೆ ತುಂಬಿ ಪರೀಕ್ಷೆಯ ಔಷಧ ಹನಿಸಿ ಅಲ್ಲಾಡಿಸಿದೆ. ನೋಡನೋಡುತ್ತಲೇ ನೀರು ಕಂದು ಬಣ್ಣಕ್ಕೆ ತಿರುಗಿತು. ಅಕ್ಕ ಅಲ್ಲೇ ಕುಸಿದು ಕೂತರು.

“ಕೊಳೆ ಎದ್ಬುಡ್ತಲ್ಲ ಮೇಡಮ್ನೋರೆ. ಮುಗೀತು ನನ್ ಕತೆ,” ಎಂದು ಕಣ್ಣೊರೆಸಿಕೊಂಡರು.

ನಾನೂ ಪಕ್ಕದಲ್ಲಿ ಕೂತೆ. ಅದು ಕೊಳೆಯಲ್ಲ, ಪ್ರಾಣವಾಯು ಇದ್ದರೆ ಮಾತ್ರ ಕಂದು ಬರುತ್ತದೆ, ನೀರು ಸತ್ತಿದ್ದರೆ ಬಿಳಿ ಬರುತ್ತದೆ ಎಂದು ಬಿಡಿಸಿ ಹೇಳಿದೆ. ತೊಟ್ಟಿ ಕಟ್ಟುವ ಮೊದಲು ಇದೇ ಕಾಲುವೆಯ ನೀರು ಪರೀಕ್ಷೆಯಲ್ಲಿ ಹಾಲಿನಂತೆ ಬೆಳ್ಳಗೆ ಬಂದಿತ್ತು. ಅಕ್ಕ ನಂಬದೆ ಶೀಶೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ನಾನು ಪ್ರಾಣವಾಯು ಎಷ್ಟಿದೆಯೆಂದು ಅಳೆದೆ. ಬೇಕಾದಷ್ಟಿತ್ತು. ಬೀಗ ಬೀಳುವುದಿಲ್ಲ, ಇವತ್ತೇ ವರದಿ ಬರೆಯುತ್ತೇನೆ ಎಂದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಕ್ಕ, “ಅಂಗಾರೆ ನಾಳೆ ಗೂಡು ತರ್ಲಾ?” ಎಂದು ಮೆಲ್ಲಗೆ ಕೇಳಿದರು.

“ತನ್ನಿ ಅಕ್ಕ.”

ಅಷ್ಟೇ ಸಾಕಾಯಿತು. ಕೆಲಸದ ಹೆಂಗಸರ ಹೆಸರು ಹಿಡಿದು ಕೂಗುತ್ತಾ ಅವರು ಬೀದಿಯತ್ತ ಓಡಿಯೇಬಿಟ್ಟರು.