ಕರೆಂಟು ಹೋಗದಂತೆ ಮಾಡಲು ಹೋಗಿ

ಬಿಸಿಲಿನ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆದಿಟ್ಟುಕೊಂಡು, ಲೈನು ಕೈಕೊಟ್ಟಾಗ ಅದರಿಂದಲೇ ಮತ್ತೆ ಕರೆಂಟು ಮಾಡುವುದು ನನ್ನ ಪಿಎಚ್‌ಡಿ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ, ಲೋಡ್ ಶೆಡ್ಡಿಂಗಿಗೆ ಬರವಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ರಹಮತ್ ಸಾಬರ ಮರ ತಿರುಗಿಸುವ ಲೇತು ಎಷ್ಟು ಕರೆಂಟು ತಿನ್ನುತ್ತದೆಂದು ನೋಡಲು ಮೀಟರು ಕಟ್ಟಿ ಕೂತಿದ್ದೆ.

ಮಧ್ಯಾಹ್ನ ಕರೆಂಟು ಹೋಯಿತು. ಬುಗುರಿಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಸಾಬರು ಕೈ ಒರೆಸಿಕೊಂಡು ಒಳಗೆ ಊಟಕ್ಕೆ ಕೂತರು. ನನಗೂ ತಟ್ಟೆ ಬಂತು.

"ನನ್ನ ಮಷಿನು ಬಂದರೆ ಕರೆಂಟು ಹೋಗೋದೇ ಇಲ್ಲ," ಎಂದೆ ಹೆಮ್ಮೆಯಿಂದ.

ಬಡಿಸುತ್ತಿದ್ದ ಸಾಬರ ಹೆಂಡತಿಯ ಸೌಟು ನಿಂತಿತು. "ಒಂದ್ ಗಳಿಗೆನೂ ಹೋಗಲ್ವಾ ಮೇಡಮ್?"

"ಇಲ್ಲ."

"ಹಂಗಾದ್ರೆ ಇವ್ರು ಉಣ್ಣಕ್ಕೆ ಏಳೋದು ಯಾವಾಗ? ಲೇತು ತಿರುಗ್ತಿದ್ರೆ ನಾನ್ ಕೂಗಿದ್ದು ಕೇಳಲ್ಲ. ಕೇಳಿದ್ರೂ ಬರಲ್ಲ. ಮುದ್ದೆ ತಣ್ಣಗಾಗಿ ಕಲ್ಲಾಯ್ತದೆ."

ಸಾಬರು ತಲೆ ಎತ್ತದೆ ಉಂಡರು. ಹೈಡ್ರೋಜನ್ ಗ್ಯಾಸು ಸಿಡಿಯುತ್ತಾ ಎಂಬ ಪ್ರಶ್ನೆಗಷ್ಟೇ ನಾನು ಉತ್ತರ ಕಲಿತು ಬಂದಿದ್ದೆ.

"ಬೇಕಾದಾಗ ಆಫ್ ಮಾಡೋಕೆ ಸ್ವಿಚ್ ಇರುತ್ತೆ," ಎಂದೆ ಮೆಲ್ಲಗೆ.

ಆಕೆಯ ಮುಖ ಅರಳಿತು. ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, "ಅದನ್ನ ಅಡುಗೆಮನೇಲಿ ಇಕ್ಕಿಸಿ," ಎಂದರು.

ಈ ಮಷಿನಿನ ಕಂಟ್ರೋಲ್ ರೂಮು ಎಲ್ಲಿರಬೇಕು ಅಂತ ನನ್ನ ಗೈಡು ಒಂದು ತಿಂಗಳಿಂದ ತಲೆ ತಿನ್ನುತ್ತಿದ್ದರು.