ನಾಲ್ಕು ಗಂಟೆಯ ವ್ಯಾಯಾಮ

ನನ್ನ ಗಂಡನ ಬಲಗೈ ಮತ್ತೆ ಹಾರ್ಮೋನಿಯಂ ಮೇಲೆ ಓಡಬೇಕು. ಆ ವರ್ಷ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಕೆಲಸ.

ಪುಣೆಯಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ದೇವಾಲಯವಿರಲಿಲ್ಲ. ಮರಾಠಿ ಸಭೆಯವರ ಆರಾಧನೆ ಮುಗಿದು ಅವರು ಎದ್ದುಹೋದ ಮೇಲೆ ಅದೇ ಬೆಂಚುಗಳ ಮೇಲೆ ನಾವು ಕೂರುತ್ತಿದ್ದೆವು. ಇಪ್ಪತ್ತೆರಡು ವರ್ಷ ಅಲ್ಲಿ ಹಾರ್ಮೋನಿಯಂ ನುಡಿಸಿದವರು ನನ್ನ ಗಂಡ. ವಾರವೆಲ್ಲ ದೇಹೂ ರೋಡಿನ ಸೇನಾ ಡಿಪೋದಲ್ಲಿ ಸಾಮಾನಿನ ಪಟ್ಟಿ ಬರೆಯುತ್ತಿದ್ದ ಕೈ ಭಾನುವಾರ ಹಾಡು ಎತ್ತಿಕೊಡುತ್ತಿತ್ತು. ನಿವೃತ್ತಿಯಾದ ಮರುವರ್ಷ, ಡಿಸೆಂಬರಿನಲ್ಲಿ, ಬಲಭಾಗಕ್ಕೆ ಲಕ್ವ ಹೊಡೆಯಿತು. ಮಾತು ಎಂಟೇ ದಿನಕ್ಕೆ ಮರಳಿತು, ಕಾಲು ಮೂರು ವಾರಕ್ಕೆ. ಕೈ ಮಾತ್ರ ಮರಳಲಿಲ್ಲ.

ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಗದಗಿನ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಕಲಿತೆ. ಅಲ್ಲಿ ಬೆಳಗಿನ ಆರೂವರೆಗೆ ವಾರ್ಡಿನಲ್ಲಿ ಪ್ರಾರ್ಥನೆ, ಏಳಕ್ಕೆ ಹಾಸಿಗೆ, ಎಂಟಕ್ಕೆ ಔಷಧಿ. ಒಂದು ನಿಮಿಷ ಆಚೀಚೆ ಆದರೆ ವಾರದ ರಜೆ ಹೋಗುತ್ತಿತ್ತು. ನಮ್ಮ ದೊಡ್ಡ ಸಿಸ್ಟರು ರೋಗಿಗಾಗಿ ಪ್ರಾರ್ಥಿಸುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ರೋಗಿಯ ಮಣಿಕಟ್ಟು ಹಿಡಿದು, ಎದೆಯ ಮೇಲಿನ ಗಡಿಯಾರ ನೋಡುತ್ತ ಪ್ರಾರ್ಥಿಸುತ್ತಿದ್ದರು. ಆಮೆನ್ ಅಂದ ಕೂಡಲೇ ನಾಡಿಯ ಲೆಕ್ಕ ಹೇಳುತ್ತಿದ್ದರು. ಹುಡುಗಿಯರಾದ ನಮಗೆ ಅದು ನಗೆಯ ವಿಷಯವಾಗಿತ್ತು.

ಗಂಡನಿಗೂ ನಾನು ವೇಳಾಪಟ್ಟಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆ ಆರು, ಹತ್ತು, ಸಂಜೆ ನಾಲ್ಕು: ಭುಜ, ಮೊಣಕೈ, ಮಣಿಕಟ್ಟು, ಬೆರಳು, ಒಂದೊಂದಕ್ಕೆ ಇಪ್ಪತ್ತು ಸಲ. ಬೆರಳು ಮಡಚಿಕೊಳ್ಳದಂತೆ ಅಂಗೈಯಲ್ಲಿ ಸುತ್ತಿದ ಕರವಸ್ತ್ರ.

"ನಿನ್ನ ಡ್ಯೂಟಿ ಇನ್ನೂ ಮುಗದಿಲ್ಲೇನ? ರಿಟೈರ್ ಆಗಿ ಎರಡು ವರ್ಷ ಆತು" ಎನ್ನುತ್ತಿದ್ದರು.

"ಪೇಶಂಟ್ ಮಾತಾಡಬಾರದು. ಹನ್ನೊಂದು."

"ಹನ್ನೊಂದು ಆಗಲೇ ಹೇಳಿದಿ. ಕಳ್ಳ ಲೆಕ್ಕ."

ನಾಲ್ಕು ಗಂಟೆಯ ಸರದಿಯೇ ಮುಖ್ಯ. ಮಧ್ಯಾಹ್ನದ ನಿದ್ದೆಯಾದ ಮೇಲೆ ಅವರ ಮೈ ಸಡಿಲವಾಗಿರುತ್ತಿತ್ತು. ಆಮೇಲೆ ಹಾರ್ಮೋನಿಯಂ ಅನ್ನು ಮಂಚದ ಹತ್ತಿರ ತರುತ್ತಿದ್ದೆ. ಜನವರಿ ಕೊನೆಗೆ ಒಂದು ದಿನ ನಾನು ತಿದಿ ಒತ್ತುತ್ತಿದ್ದಾಗ ಅವರ ತೋರುಬೆರಳು ಹಾರ್ಮೋನಿಯಂನ ಒಂದು ಸ್ವರದ ಮನೆಯ ಮೇಲೆ ಇಳಿಯಿತು. ತಾನಾಗಿಯೇ ಇಳಿಯಿತು. ಒಂದೇ ಒಂದು ಸ್ವರ, ತಿದಿಯ ಗಾಳಿ ಮುಗಿಯುವವರೆಗೆ.

"ಈಸ್ಟರಿಗೆ ಒಂದು ಹಾಡು ನಾನೇ ನುಡಸ್ತೀನಿ ನೋಡು" ಎಂದರು. ಲಕ್ವ ಹೊಡೆದ ಮೊದಲ ಮೂರು-ನಾಲ್ಕು ತಿಂಗಳಲ್ಲಿ ಬಂದದ್ದೇ ಬಂತು ಎಂದು ಡಾಕ್ಟರು ಹೇಳಿದ್ದರು. ನನಗೂ ಅದು ಗೊತ್ತಿತ್ತು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಲೆಂಟ್ ಕಾಲ, ಹತ್ತಿರವಾದಾಗ ಸಭೆಯ ಹಿರಿಯರೊಬ್ಬರು ಹೆಂಡತಿಯೊಡನೆ ಬಂದರು. ಬೀದರ ಕಡೆಯವರು, ಚಿಂಚವಾಡದ ಕಾರ್ಖಾನೆಯಲ್ಲಿ ಫಿಟ್ಟರ್. ಒಳ್ಳೆಯ ಮನುಷ್ಯ. ನನ್ನ ಗಂಡನನ್ನು ಆಸ್ಪತ್ರೆಗೆ ಸಾಗಿಸಿದವರಲ್ಲಿ ಅವರೂ ಒಬ್ಬರು.

"ಸಿಸ್ಟರ್, ಸಭೆಯವರೆಲ್ಲ ಮಾತಾಡೀವ್ರಿ. ಈ ಸಲ ನಲವತ್ತೂ ದಿನದ ಪ್ರಾರ್ಥನಿ ನಿಮ್ಮ ಮನ್ಯಾಗ. ಬರೇ ಈ ಕೈ ಸಲುವಾಗಿ."

ನನ್ನ ಕಣ್ಣು ತುಂಬಿತು. "ಎಷ್ಟು ಗಂಟೆಗೆ?" ಎಂದು ಕೇಳಿದೆ.

"ನಾಲ್ಕಕ್ಕರಿ. ಫಸ್ಟ್ ಶಿಫ್ಟ್ ಮೂರೂವರಿಗೆ ಬಿಡ್ತದ ನೋಡ್ರಿ."

"ನಾಲ್ಕಕ್ಕ ಅವರ ವ್ಯಾಯಾಮ ಅದ."

"ವ್ಯಾಯಾಮ ಹಿಂದ ಮುಂದ ಮಾಡಿದ್ರಾತು ಬಿಡ್ರಿ ಅಕ್ಕಾರ" ಎಂದರು ಅವರ ಹೆಂಡತಿ. "ಇಷ್ಟು ಮಂದಿ ಕೂಡಿ ಬರ್ತಾರ."

ಮೊದಲ ದಿನ ಹದಿನಾಲ್ಕು ಜನ ಬಂದರು. ಚಾಪೆ ಸಾಲದೆ ಚಾದರ ಹಾಸಿದೆ. ಪ್ರಾರ್ಥನೆ ಶುರುವಾಯಿತು. ನಾನು ಮಂಚದ ಪಕ್ಕದಲ್ಲಿ ಕುಳಿತು, ಗಂಡನ ತೋಳು ಎತ್ತಿ, ಬಾಯೊಳಗೇ ಎಣಿಸತೊಡಗಿದೆ. ಐದಕ್ಕೆ ಬರುವಷ್ಟರಲ್ಲಿ ಹಿರಿಯರ ಹೆಂಡತಿ ಕಣ್ಣು ತೆರೆದು ನನ್ನತ್ತ ಬಾಗಿದರು.

"ಸಿಸ್ಟರ್, ಈ ಒಂದು ತಾಸರೆ ದೇವರಿಗೆ ಬಿಡ್ರಿ. ನೀವು ಹಿಂಗ ಕೈ ಜಗ್ಗೂದು ನೋಡಿದ್ರ ನಮ್ಮ ಪ್ರಾರ್ಥನಿ ಮ್ಯಾಲ ನಿಮಗ ಭರೋಸಾನ ಇಲ್ಲ ಅನಸ್ತದ."

ನಾಲ್ಕಾರು ತಲೆ ಇತ್ತ ತಿರುಗಿದವು. ತೋಳನ್ನು ಮೆಲ್ಲನೆ ದಿಂಬಿನ ಮೇಲಿಟ್ಟೆ. ಒಂದು ತಾಸು ಅಲ್ಲೇ ಇತ್ತು.

ಅಂದಿನಿಂದ ನಾಲ್ಕರ ಸರದಿ ನಿಂತಿತು. ಜನ ಪ್ರಾರ್ಥನೆ ಮುಗಿದ ಕೂಡಲೇ ಎದ್ದುಹೋಗುವವರಲ್ಲ. ಚಹಾ, ಅವಲಕ್ಕಿ, ಊರ ಸುದ್ದಿ, ಆರು ಗಂಟೆ. ಅಷ್ಟರಲ್ಲಿ ನನ್ನ ಗಂಡ ದಣಿದಿರುತ್ತಿದ್ದರು. ಅಂದಂದಿನ ಅವಲಕ್ಕಿ, ಹಾಲಿಗಾಗಿ ಬೆಳಿಗ್ಗೆ ಹತ್ತು ಗಂಟೆಗೆ ನಾನು ಪೇಟೆಗೆ ಹೋಗಬೇಕಾಯಿತು. ಹತ್ತರ ಸರದಿಯೂ ಹೋಯಿತು. ನಾನು ಮಧ್ಯಾಹ್ನದವರೆಗೆ ಉಪವಾಸ. ಬರಿ ಹೊಟ್ಟೆಯಲ್ಲಿ ಆ ಭಾರದ ತೋಳು ಎತ್ತಿ ಹಿಡಿದರೆ ತಲೆ ಸುತ್ತುತ್ತಿತ್ತು. ಬೆಳಗಿನ ಆರರ ಸರದಿ ಮೊದಲು ಹತ್ತು ಎಣಿಕೆಗೆ ಇಳಿಯಿತು, ಆಮೇಲೆ ಇಲ್ಲವಾಯಿತು. ವೇಳಾಪಟ್ಟಿ ಮಾತ್ರ ಕಪಾಟಿನ ಮೇಲೆ ಹಾಗೇ ಇತ್ತು.

ಇಷ್ಟು ಹೇಳಿ ಬಿಟ್ಟರೆ ಸುಳ್ಳಾಗುತ್ತದೆ. ಪೂರ್ತಿ ಹೇಳುತ್ತೇನೆ. ನಾನು ದಣಿದಿದ್ದೆ. ಮೂವತ್ತೊಂದು ವರ್ಷ ಬೇರೆಯವರ ಕೈಕಾಲು ಎತ್ತಿದ್ದ ನನಗೆ, ಹದಿನಾಲ್ಕು ಜನ ಭಾರ ಹೊತ್ತುಕೊಂಡಂತೆ ಕಂಡಾಗ ಸುಖವಾಯಿತು. ಕಣ್ಣು ಮುಚ್ಚಿ ಕೂರುವ ಆ ಒಂದು ತಾಸು ನನ್ನ ವಿಶ್ರಾಂತಿಯಾಗಿತ್ತು. ಅದನ್ನು ನಾನು ನಂಬಿಕೆ ಎಂದು ಕರೆದೆ.

ಒಂಬತ್ತನೆಯದೋ ಹತ್ತನೆಯದೋ ದಿನ, ಜನ ಹೋದ ಮೇಲೆ ನಾನು ಬಟ್ಟಲು ತೊಳೆಯುತ್ತಿದ್ದೆ. ಗಂಡ ಒಳಗಿನಿಂದ ಕರೆದರು.

"ಇವತ್ತೂ ಎಣಸಲಿಲ್ಲಲ್ಲ ನೀ?"

"ನಾಳೆ ಮಾಡೋಣ್ರಿ."

"ಪ್ರಾರ್ಥನಿ ಅವರು ಮಾಡ್ಲಾಕತ್ತಾರ. ಕೈ ನೀ ಮಾಡು."

ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ನಿಮಗ ನಂಬಿಕಿ ಇಲ್ಲೇನ್ರಿ?" ಎಂದೆ.

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಹೊದಿಕೆಯೊಳಗೆ ಇಟ್ಟುಕೊಂಡರು. ಮತ್ತೆಂದೂ ಕೇಳಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಅವರನ್ನು ಫಿಸಿಯೋಥೆರಪಿಯ ಹುಡುಗಿಯ ಬಳಿ ಕರೆದುಕೊಂಡು ಹೋದೆ. ತೋಳು ಎತ್ತಲು ನೋಡಿದಳು. ಎದೆಯ ಮಟ್ಟಕ್ಕೂ ಬಾರದೆ ಭುಜ ಹಿಡಿದುಕೊಂಡಿತು. ಅವರು ಕೂಗಿದರು. ಬೆರಳು ಬಿಡಿಸಲು ಹೋದಳು, ಅವು ಬಿಡಲಿಲ್ಲ. ಅವಳು ಕೈ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಆಜಿ, ತುಮ್ಹೀ ನರ್ಸ್ ಹೋತಾ ನಾ?"

ನೀವು ನರ್ಸ್ ಆಗಿದ್ದಿರಿ ಅಲ್ಲವೇ, ಎಂದಷ್ಟೇ ಕೇಳಿದಳು. ನಾನು ಹೌದು ಎಂದೆ.

ಈಸ್ಟರ್ ದಿನ ಯಾರೋ ಹೊಸ ಕೀಬೋರ್ಡ್ ತಂದಿದ್ದರು. ಗುಂಡಿ ಒತ್ತಿದರೆ ತಬಲವೂ ಅದರಲ್ಲೇ ಬರುತ್ತಿತ್ತು. ನನ್ನ ಗಂಡ ಕೊನೆಯ ಬೆಂಚಿನಲ್ಲಿ ಕುಳಿತು ಬಲಗೈ ಮೇಲೆ ಎಡಗೈ ಮುಚ್ಚಿಕೊಂಡಿದ್ದರು. ಹಾಡಲಿಲ್ಲ. ಆರಾಧನೆ ಮುಗಿದ ಮೇಲೆ ಹಿರಿಯರು ಬಂದು, "ದೇವರ ಚಿತ್ತ ಇನ್ನೂ ಆಗಿಲ್ರಿ ಸಿಸ್ಟರ್" ಎಂದರು. ಅವರ ಕಣ್ಣಲ್ಲಿ ನಿಜವಾದ ದುಃಖವಿತ್ತು. ದೇವರು ಜನವರಿಯಲ್ಲೇ ಒಂದು ಬೆರಳು ಕೊಟ್ಟಿದ್ದ, ಉಳಿದದ್ದು ದಿನಾ ನಾಲ್ಕು ಗಂಟೆಗೆ ನನ್ನ ಪಾಲಿನದಾಗಿತ್ತು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಆರು ಗಂಟೆಗೆ ಮತ್ತೆ ಶುರುಮಾಡಿದೆ. ಈಗ ಸಂಖ್ಯೆ ಎಣಿಸಲು ನನಗೆ ಮನಸ್ಸಾಗಲಿಲ್ಲ. ತೋಳನ್ನು ಅದು ಬರುವಷ್ಟು ಎತ್ತರಕ್ಕೆ ಎತ್ತಿ ಹಿಡಿದು ಕರ್ತನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದೆ. ಆಮೆನ್ ಆದ ಮೇಲೆ ಇಳಿಸುತ್ತಿದ್ದೆ. ಅವರು ನೋವಿಗೆ ಹಲ್ಲು ಕಚ್ಚುತ್ತಿದ್ದರು.

"ಸ್ವಲ್ಪ ಲಗೂನ ಹೇಳ" ಎಂದರು ಒಮ್ಮೆ. "ಇದು ನಿನ್ನ ಇಪ್ಪತ್ತಕ್ಕಿಂತ ಭಾಳ ಉದ್ದ ಅದ."

ಆ ಈಸ್ಟರಿನ ನಂತರ ಅವರು ಮಾಡಿದ ತಮಾಷೆ ನನಗೆ ನೆನಪಿರುವುದು ಅದೊಂದೇ. ಎರಡು ವರ್ಷದ ದುಡಿಮೆಯಲ್ಲಿ ಕೈ ಅಂಗಿಯ ಮೇಲಿನ ಗುಂಡಿಯವರೆಗೆ ಬಂತು. ಬೆರಳುಗಳು ಬಿಡಲೇ ಇಲ್ಲ. ಹಾರ್ಮೋನಿಯಂ ಅನ್ನು ದೌಂಡದ ಒಂದು ಸಭೆಗೆ ಕೊಟ್ಟುಬಿಡಲು ಅವರೇ ಹೇಳಿದರು. ಅದನ್ನು ಒಯ್ಯುವಾಗ ಮುಖ ಗೋಡೆಯತ್ತ ಮಾಡಿ ಮಲಗಿದ್ದರು.

ಎರಡನೆಯ ಲಕ್ವ ಒಂದು ಮಧ್ಯಾಹ್ನ ಅವರನ್ನು ಒಯ್ದಿತು. ದೇಹವನ್ನು ನಾನೇ ತೊಳೆದೆ. ಆ ಕೆಲಸ ನಾನು ನೂರಾರು ಸಲ ಮಾಡಿದವಳು. ಆದರೆ ಬಿಳಿ ಅಂಗಿ ತೊಡಿಸುವಾಗ ಬಲತೋಳು ಒಳಗೆ ಹೋಗಲಿಲ್ಲ. ಸಾವು ಕೂಡ ಆ ಭುಜವನ್ನು ಬಿಡಿಸಿರಲಿಲ್ಲ. ಕತ್ತರಿ ತಂದು ಅಂಗಿಯ ತೋಳಿನ ಹೊಲಿಗೆ ಬಿಚ್ಚಿದೆ.

ಆಗ ಸಭೆಯವರು ಬಂದರು. ಹಿರಿಯರು ಬಾಗಿಲಲ್ಲಿ ನಿಂತು, ಅಂಗಿಯ ಬಿಚ್ಚಿದ ತೋಳನ್ನೂ ನನ್ನ ಕೈಯ ಕತ್ತರಿಯನ್ನೂ ನೋಡಿದರು.

"ಪ್ರಾರ್ಥನಿ ಮಾಡೂಣೇನ್ರಿ ಸಿಸ್ಟರ್? ಇಲ್ಲಾ, ನೀವು ಮುಗಸ್ರಿ, ನಾವು ನಿಲ್ತೀವಿ."

"ಮಾಡ್ರಿ" ಎಂದೆ.

ಅವರು ಕಣ್ಣು ಮುಚ್ಚಿದರು. ಹೆಂಡತಿಯೂ ಮುಚ್ಚಿದರು. ನಾನು ಮುಚ್ಚಲಿಲ್ಲ. ಸೂಜಿಗೆ ದಾರ ಪೋಣಿಸಿ, ಅವರ ಪ್ರಾರ್ಥನೆ ಮುಗಿಯುವವರೆಗೂ ಆ ತೋಳಿನ ಮೇಲೆ ಅಂಗಿಯನ್ನು ಹೊಲಿಯುತ್ತಿದ್ದೆ. ಆ ದಿನ ಯಾರೂ ನನ್ನನ್ನು ತಡೆಯಲಿಲ್ಲ.