ಒಡ್ಡಿನ ಕೆಳಗಿನ ಮನೆ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ತೊಂಬತ್ತರ ದಶಕ. ನಿಲ್ಕುಂದದ ಹತ್ತಿರ ನಮ್ಮ ಹಳ್ಳಕ್ಕೆ ಅಜ್ಜನ ಅಪ್ಪ ಕಟ್ಟಿಸಿದ ಕಲ್ಲಿನ ಒಡ್ಡೊಂದಿತ್ತು. ಗದ್ದೆಗೆ ನೀರು ನಿಲ್ಲಿಸಲು ಮನೆಯವರೇ ಕಟ್ಟಿಕೊಂಡದ್ದು. ಹಾಗಾಗಿ ಅದನ್ನು ಪರೀಕ್ಷಿಸಲು ಯಾವ ಇಂಜಿನಿಯರೂ ಬಂದವರಲ್ಲ. ಅಪ್ಪನ ಅಕ್ಕ ಸರಸತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದವಳು, ಬೇಸಿಗೆ ಬಂತೆಂದರೆ ಸುಣ್ಣ ಮರಳು ಕಲಸಿ ಕಲ್ಲಿನ ಸಂದಿಗಳಿಗೆ ತುಂಬುತ್ತಿದ್ದಳು. ನಾನು ಬುಟ್ಟಿ ಹಿಡಿದು ನಿಲ್ಲುತ್ತಿದ್ದೆ. ಎಷ್ಟು ತುಂಬಿದರೂ ಮಳೆಗಾಲದಲ್ಲಿ ಬುಡದಿಂದ ನೀರು ಜಿನುಗುತ್ತಿತ್ತು. "ನೀರು ತಿಳಿ ಇದ್ರೆ ಹೆದರಿಕೆ ಇಲ್ಲೆ" ಎನ್ನುತ್ತಿದ್ದಳು, ಆದರೆ ದಿನವೂ ಹೋಗಿ ನೋಡುತ್ತಿದ್ದಳು.

ಒಡ್ಡಿನ ಕೆಳಗೆ ಗಣಪ ನಾಯ್ಕನ ಮನೆ. ಅವನ ಮಗಳು ನಾಗವೇಣಿ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ಅವಳ ಅಬ್ಬೆ ದೇವಮ್ಮ ಬಿಸಿಬೂದಿಯಲ್ಲಿ ಸುಟ್ಟ ಹಲಸಿನ ಬೀಜಗಳನ್ನು ಸೆರಗಿನಲ್ಲಿ ಉಜ್ಜಿ ಕೈಗೆ ಕೊಡುತ್ತಿದ್ದಳು. ಅವರ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಮಾಡಿನ ಮೇಲೆಯೇ ಒಡ್ಡಿನ ಕಪ್ಪು ಗೋಡೆ ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿಯೇ ಆಡುತ್ತಿದ್ದೆ.

ಆಷಾಢದ ಒಂದು ಮಧ್ಯಾಹ್ನ ಅತ್ತೆ ಓಡಿ ಬಂದಳು. "ಅಪ್ಪಯ್ಯ, ಜಿನುಗು ನೀರು ಕೆಂಪಾಯ್ದು. ಒಳಗಿನ ಮಣ್ಣು ಹೊರಡ್ತಾ ಇದ್ದು."

"ಎನ್ನಪ್ಪ ಕಟ್ಟಿಸಿದ್ದು ಅದು, ಎಂತೂ ಆಗ್ತಿಲ್ಲೆ" ಎಂದ ಅಜ್ಜ.

"ಆಗದಿದ್ರೆ ಒಳ್ಳೇದೇ ಆತು. ಆನು ಗಣಪನ ಮನೆಯವ್ರನ್ನ ಅಲ್ಲಿಂದ ಎಬ್ಬಸ್ತೆ" ಎಂದವಳೇ ನನ್ನ ಕೈ ಹಿಡಿದು ಇಳಿದಳು.

ದೇವಮ್ಮ ಒಪ್ಪಲಿಲ್ಲ. ಒಳಗೆ ಗಣಪನ ತಾಯಿ ಹಾಸಿಗೆ ಹಿಡಿದು ಮಲಗಿದ್ದಳು. "ಮುದುಕೀನ ಈ ಮಳೇಲಿ ಎಲ್ಲಿಗೆ ಹೊರೂದ್ರಾ ಅಮ್ಮಾ? ಇಷ್ಟು ವರ್ಷ ಏನೂ ಆಗ್ಲಿಲ್ಲ."

ಅತ್ತೆ ವಾದಿಸಲಿಲ್ಲ. ಜಗಲಿಯ ಮೇಲೆ ಕೂತು ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡಳು. "ಹಂಗಾದ್ರೆ ನಾನೂ ಇಲ್ಲೇ ಕೂತ್ಕಳ್ತೆ. ಈ ಹುಡುಗೀನೂ ಕೂತ್ಕಳ್ತದೆ."

ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಮಾಡಿನಿಂದ ನೀರು ಬೀಳುತ್ತಿತ್ತು, ಬೆನ್ನ ಹಿಂದೆಯೇ ಒಡ್ಡಿನ ಗೋಡೆಯಿತ್ತು. ದೇವಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತವಳು ಒಮ್ಮೆಲೇ ಗಂಡನನ್ನು ಕೂಗಿದಳು. ಮುದುಕಿಯನ್ನು ಕಂಬಳಿಯಲ್ಲಿ ಎತ್ತಿಕೊಂಡರು, ದನಗಳ ಹಗ್ಗ ಬಿಚ್ಚಿದರು, ಎಲ್ಲರೂ ದಿಬ್ಬ ಹತ್ತಿದೆವು.

ಮೇಲೆ ಅಜ್ಜ ಹಾರೆ ಹಿಡಿದು ನಿಂತಿದ್ದ. ಮನಸ್ಸು ತಡೆಯದೆ ಬಂದಿದ್ದನಂತೆ. ನೀರು ಹೊರಬಿಡುವ ತೂಬಿನ ಬಾಗಿಲು ತುಕ್ಕು ಹಿಡಿದು ಅಲುಗಿರಲಿಲ್ಲ. "ನಮ್ಮ ಗದ್ದೆ ಬದಿಗೇ ದಂಡೆ ಕಡಿ ಗಣಪ, ನೀರು ಇಳೀಲಿ" ಎಂದ. ಇಬ್ಬರೂ ಕಡಿದರು. ನಟ್ಟು ವಾರವೂ ಆಗದ ನಮ್ಮ ಸಸಿಗಳ ಮೇಲೆ ಕೆಂಪು ನೀರು ನುಗ್ಗಿತು. ಆದರೂ ಸಂಜೆಯ ಹೊತ್ತಿಗೆ ಒಡ್ಡಿನ ನಡು ಒಮ್ಮೆ ಉಬ್ಬಿದ ಹಾಗಾಗಿ ಕುಸಿಯಿತು. ನಾಗವೇಣಿ ನನ್ನ ಲಂಗ ಹಿಡಿದುಕೊಂಡು ತನ್ನ ಮನೆ ಕೊಚ್ಚಿ ಹೋಗುವುದನ್ನು ನೋಡಿದಳು. ಮೊದಲು ಕೊಟ್ಟಿಗೆ, ಆಮೇಲೆ ಜಗಲಿ.

ದೀಪಾವಳಿಯವರೆಗೆ ಅವರು ನಮ್ಮಲ್ಲೇ ಇದ್ದರು. ಆಮೇಲೆ ಯಲ್ಲಾಪುರದ ಕಡೆ, ದೇವಮ್ಮನ ತವರಿಗೆ ಹೋದರು. ಅಜ್ಜ ಒಡ್ಡನ್ನು ಮತ್ತೆ ಕಟ್ಟಿಸಲಿಲ್ಲ. ಒಂದು ದಿನ ಮಾತ್ರ ಊಟದ ನಡುವೆ, "ಕೂಸನ್ನ ಅಲ್ಲಿ ಕೂರ್ಸಿದ್ದು ಸರಿಯಲ್ಲ, ಸರಸು" ಎಂದ. "ಸರಿಯಲ್ಲ, ಗೊತ್ತಿದ್ದು" ಎಂದು ಅತ್ತೆ ಸಾರು ಬಡಿಸಿದಳು.

ಎಷ್ಟೋ ವರ್ಷ ನಾನೂ ಅವಳನ್ನು ಕ್ಷಮಿಸಲಿಲ್ಲ. ಅಜ್ಜ, ಅತ್ತೆ ಇಬ್ಬರೂ ತೀರಿಕೊಂಡು ಬಹಳ ಕಾಲವಾಯಿತು. ಮೊನ್ನೆ ಆ ದಿಬ್ಬದ ಮೇಲೆ ನಿಂತಿದ್ದೆ. ಹಳ್ಳ ಸಣ್ಣಗೆ ಹರಿಯುತ್ತಿತ್ತು. ಅಂಗಳವಿದ್ದಲ್ಲಿ ಮತ್ತಿ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು. ಹೆದರಿಕೆಗಾಗಿ ಕಾದೆ, ಬರಲಿಲ್ಲ. ಕೆಳಗೆ ಎಬ್ಬಿಸಬೇಕಾದವರು ಯಾರೂ ಇರಲಿಲ್ಲ.